ಹೊಳಪಿಲ್ಲದ ಮುಖಪುಟ

ಮಗಳ ಒಂದು ಜಡೆ ಮುಗಿದು, ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಾಗಲೇ ಕರೆಗಂಟೆ ಹೊಡೆದುಕೊಂಡಿತು. ಬೀದಿಗೆಲ್ಲ ಫೋಟೋದವಳು ಎಂದೇ ಗೊತ್ತಿದ್ದ ಆಕೆ ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೋಗಿ ಬಾಗಿಲು ತೆರೆದಳು. ಅವಳ ಹಿಂದೆಯೇ ಅರ್ಧ ಕೆದರಿದ ತಲೆಯ ಚುಕ್ಕಿ, ಆರು ವರ್ಷದ ಮಗಳು.

ಹೊರಗೆ ಒಬ್ಬ ಮುದುಕಿ ನಿಂತಿದ್ದರು. ಅವರ ಗಂಡ ಜೀವಮಾನವೆಲ್ಲ ಹಳೆಯ ಕಾಮಿಕ್ಸ್ ಕೂಡಿಟ್ಟವರು. ಅವರು ತೀರಿಹೋದ ಮೇಲೆ ಈಕೆ ಒಂದೊಂದನ್ನೇ ಮಾರುತ್ತಿದ್ದರು. ಕೊಳ್ಳುವವರು ಮೊದಲು ಫೋಟೋ ಕೇಳುತ್ತಿದ್ದರು. ಎದೆಗವಚಿಕೊಂಡಿದ್ದ ಚೀಲದಿಂದ ಒಂದು ತೆಳ್ಳನೆಯ ಪುಸ್ತಕ ಹೊರಬಂತು. ಹೊರಗೆ ದಪ್ಪ ಪ್ಲಾಸ್ಟಿಕ್ ಕವರ್. ಕವರ್ ತೆಗೆದರೆ ಕಾಗದ ಉದುರಿಹೋಗುವಷ್ಟು ಹಳತು. ಮುಖಪುಟದಲ್ಲಿ ಒಂದು ಬಾವಿ. ಬಗ್ಗಿ ಅದರೊಳಗೆ ಇಣುಕುತ್ತಿರುವ ಏಳು ಜನ. ಏಳೂ ಬೆನ್ನುಗಳೇ.

"ಫೋಟೋದಲ್ಲಿ ಹೊಳಪು ಬಿದ್ದರೂ ಪರವಾಗಿಲ್ಲ ತಾಯಿ," ಎಂದರು ಮುದುಕಿ. "ಕವರಿನ ಮೇಲೆ ಯಾರದಾದರೂ ಮುಖ ಬೀಳುತ್ತಲ್ಲ, ಅದನ್ನ ಹಾಗೇ ಬಿಡಿ. ಪೂರ್ತಿ ಒರೆಸಬೇಡಿ."

"ಅಜ್ಜೀ, ಹೊಳಪು ತೆಗೆಸೋಕೇ ಜನ ನನ್ನ ಹತ್ರ ಬರೋದು! ಕ್ಷೌರದಂಗಡಿಗೆ ಬಂದು ಗಡ್ಡ ಮುಟ್ಟಬೇಡ ಅಂದ ಹಾಗಾಯ್ತು."

ಮುದುಕಿ ನಗಲಿಲ್ಲ. "ಇದನ್ನ ಬರೆದವನ ಹೆಸರನ್ನ ಅಚ್ಚು ಹಾಕಿದವರು ಅಳಿಸಿಬಿಟ್ರಂತೆ. ಹೊಟ್ಟೆ ಉರಿದು ಮಾಟ ಮಾಡಿಸಿದ. ನೋಡಿ, ಪುಸ್ತಕದ ಪಿನ್ನಿಗೆ ಕೂದಲು ಸುತ್ತಿದೆ. ಇದರ ಮೇಲಿಂದ ಕೊನೆಗೆ ಯಾರ ಮುಖ ಒರೆಸ್ತೀರೋ ಅವರನ್ನ ಇದು ಇಟ್ಕೊಳ್ಳುತ್ತೆ."

"ನನ್ನ ಸೊಸೆ ಬಿಡಿ," ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ದೆವ್ವ ಬಂದ್ರೂ ಮೊದಲು ಬೆಳಕಿಗೆ ತಿರುಗಿಸಿ ಕೂರಿಸ್ತಾಳೆ."

ಅತ್ತೆ ಸೊಸೆ ಇಬ್ಬರೂ ನಕ್ಕರು. ಮುದುಕಿ ಪುಸ್ತಕ ಕೊಟ್ಟು ಹೋದರು.

ಫೋಟೋದವಳು ಕೋಣೆಯ ಕಿಟಕಿ ಮುಚ್ಚಿದಳು. ಎರಡು ದೀಪಗಳನ್ನು ಎರಡು ಪಕ್ಕಕ್ಕೆ ಓರೆಯಾಗಿ ನಿಲ್ಲಿಸಿದಳು. ಬಿಸಿಯಾದ ದೀಪದ ಮೇಲೆ ಧೂಳು ಸುಟ್ಟ ವಾಸನೆ. ಅದರಡಿಯಲ್ಲಿ ಇನ್ನೊಂದು, ಬಹಳ ದಿನ ಮುಚ್ಚಿಟ್ಟ ಬಾಯಿಯಂಥ ವಾಸನೆ. ಕ್ಯಾಮೆರಾದ ಮುಂದೆ ಕರಿಬಟ್ಟೆ ಇಳಿಬಿಟ್ಟು, ಅದರ ತೂತಿನಿಂದ ಲೆನ್ಸನ್ನಷ್ಟೇ ಹೊರಗಿಟ್ಟು, ತಾನು ಬಟ್ಟೆಯ ಹಿಂದೆ ನಿಂತಳು. ಕವರಿನ ಮೇಲಿದ್ದ ಅವಳ ಮುಖ ಮಾಯವಾಯಿತು. ಆದರೆ ಬಾವಿಯ ಅಂಚಿನಲ್ಲಿ ಇನ್ನೊಂದು ಪುಟ್ಟ ಮುಖ ಮಿನುಗುತ್ತಿತ್ತು. ಚುಕ್ಕಿ ಮೇಜಿಗೆ ಗಲ್ಲ ಊರಿ ನಿಂತಿದ್ದಳು.

"ಪುಟ್ಟೀ, ಈಚೆ ಬಾ. ನಿನ್ನ ಮೂತಿ ಬೀಳ್ತಿದೆ."

"ಇರಲಿ ಬಿಡಮ್ಮ. ಎಷ್ಟು ಚೆನ್ನಾಗಿ ಕಾಣ್ತಿದೀನಿ."

"ನಿನ್ನನ್ನ ಯಾರು ಕೊಳ್ತಾರೆ? ಬಾ ಅಂದ್ರೆ!" ತೋಳು ಹಿಡಿದು ಬಟ್ಟೆಯ ಹಿಂದಕ್ಕೆ ಎಳೆದುಕೊಂಡಳು.

ಕ್ಲಿಕ್.

ಅಷ್ಟು ನಿಚ್ಚಳವಾದ ಫೋಟೋವನ್ನು ಅವಳು ಈವರೆಗೆ ತೆಗೆದಿರಲಿಲ್ಲ. ಕೂದಲೆಳೆಯಷ್ಟೂ ಹೊಳಪಿಲ್ಲ. ಹಿಗ್ಗಿನಿಂದ ಮಗಳನ್ನು ಕನ್ನಡಿಯ ಮುಂದೆ ಕೂರಿಸಿ ಉಳಿದ ಜಡೆಗೆ ಕೈ ಹಾಕಿದಳು.

ಕನ್ನಡಿಯಲ್ಲಿ ಬಾಚಣಿಗೆ ಬರಿಯ ಗಾಳಿಯನ್ನು ಬಾಚುತ್ತಿತ್ತು.

"ಅತ್ತೇ!"

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದವರು ಬಾಗಿಲಲ್ಲೇ ನಿಂತರು. "ಯಾರದಮ್ಮ ಈ ಮಗು? ಪಕ್ಕದ ಮನೇದಾ? ಬೇಗ ಕಳಿಸು, ಪಾಪ ಅವರಮ್ಮ ಹುಡುಕ್ತಿರ್ತಾಳೆ."

"ತಮಾಷೆ ಸಾಕು ಅತ್ತೆ."

ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ತಾನೂ ಗಂಡನೂ ನಡುವೆ ಏನನ್ನೋ ಎತ್ತಿಕೊಂಡವರಂತೆ ಕೈ ಮಡಚಿ ನಗುತ್ತಿದ್ದರು. ಅವಳು ಕೋಣೆಗೆ ಓಡಿದಳು. ಮುಖಪುಟದಲ್ಲಿ ಈಗ ಎಂಟು ಬೆನ್ನುಗಳು. ಎಂಟನೆಯದು ತೀರ ಚಿಕ್ಕದು. ಅದಕ್ಕೆ ಒಂದೇ ಜಡೆ.

ಅವಳು ಮುದುಕಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. "ನಿಮಗಿನ್ನೂ ನೆನಪಿದೆಯಲ್ಲ, ಅದೇ ಪುಣ್ಯ. ನಮ್ಮನೇಲಿ ಒಂದು ಜೊತೆ ಸಣ್ಣ ಚಪ್ಪಲಿ ಇದೆ ತಾಯಿ. ಯಾರದ್ದು ಅಂತ ಗೊತ್ತಿಲ್ಲ. ಬಿಸಾಡೋಕೂ ಮನಸ್ಸು ಬರಲ್ಲ."

"ನಾನೀಗ ಏನ್ ಮಾಡ್ಲಿ? ಹೇಳಿ!"

"ನಮ್ಮವರು ಒಂದು ಚೀಟೀಲಿ ಬರೆದಿಟ್ಟಿದ್ರು. ಓದೋ ಹೊತ್ತಿಗೆ ಯಾರಿಗೋಸ್ಕರ ಬರೆದಿದ್ದು ಅಂತ ಇಬ್ಬರಿಗೂ ಮರೆತಿತ್ತು. ಇನ್ನೊಂದು ಫೋಟೋ ತೆಗೀಬೇಕಂತೆ. ಹೋದ ಮುಖ ಆ ಕವರ್ ಮೇಲೆ ಮಾತ್ರ ಬೀಳುತ್ತೆ, ಅದು ಫೋಟೋದಲ್ಲಿ ಬರಬೇಕು. ಬೇರೆ ಯಾರದೋ ಮುಖ ಒರೆಸಬೇಕು. ಒಂದಕ್ಕೆ ಒಂದು."

ಒಂದು ಗಳಿಗೆ ಅವಳ ಕಣ್ಣು ಅಡುಗೆಮನೆಯ ಕಡೆ ಹೊರಳಿತು. ಅಲ್ಲಿ ಅತ್ತೆ ಯಾರದೋ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು, "ತಿನ್ನು ಕಂದಾ, ಹೆದರಬೇಡ," ಎನ್ನುತ್ತ ತಲೆ ಸವರುತ್ತಿದ್ದರು. ಅವಳು ನಾಚಿ ಮುಖ ತಿರುಗಿಸಿಕೊಂಡಳು.

"ಬಾ, ಚು..." ಎಂದಳು. ಹೆಸರು ನಾಲಿಗೆಯ ತುದಿಯಲ್ಲೇ ಕರಗಿತು. "ಬಾ... ಬಾಮ್ಮಾ..."

ಮಗು ಬಂತು. ಯಾರ ಮಗು? ಅವಳು ತುಟಿ ಕಚ್ಚಿದಳು. ರಕ್ತದ ರುಚಿ. ನನ್ನದು. ನನ್ನದೇ. ದೀಪ ಹಚ್ಚಿದಳು. ಮಗುವನ್ನು ಮೇಜಿನ ಪಕ್ಕ ನಿಲ್ಲಿಸಿದಳು. ಬಾವಿಯ ಅಂಚಿನಲ್ಲಿ ಪುಟ್ಟ ಮುಖ ಮೂಡಿತು. ಅದರ ಪಕ್ಕ ತನ್ನ ಮುಖ ತಂದಳು. ಎರಡಕ್ಕೂ ಒಂದೇ ಮೂಗು. ಒಂದೇ ಹುಬ್ಬು. ಎಂಥ ಚೆಂದ. ನೋಡುತ್ತ ನಿಂತರೆ ಮರೆತುಹೋಗುತ್ತದೆ. ಪುಸ್ತಕದಿಂದ ಬಿಸಿಯುಸಿರು ಬಂತು. ಪಿನ್ನಿನ ಕೂದಲು ಅಲುಗಿತು. ಅಲುಗಿ ಬಿಚ್ಚಿಕೊಳ್ಳತೊಡಗಿತು. ಹೋಗು. ಬಟ್ಟೆಯ ಹಿಂದೆ ಹೋಗು. ಹೋದಳು. ಕವರಿನ ಮೇಲೆ ಪುಟ್ಟ ಮುಖವೊಂದೇ ಉಳಿಯಿತು.

ಕ್ಲಿಕ್.

ಹೆಸರು ಎದೆಗೆ ಗುದ್ದಿದ ಹಾಗೆ ಮರಳಿ ಬಂತು. "ಚುಕ್ಕೀ!" ಕರಿಬಟ್ಟೆ ಕಿತ್ತೆಸೆದು ಬಂದವಳು ಬಾಗಿ ಎರಡೂ ಕೈ ಚಾಚಿದಳು.

ಚುಕ್ಕಿ ಒಂದು ಹೆಜ್ಜೆ ಹಿಂದೆ ಸರಿದಳು.

"ಚುಕ್ಕೀ, ಕತ್ತಲೆ ಕೋಣೇಲಿ ಏನೇ ಮಾಡ್ತಿದೀಯ, ನನ್ನ ಬಂಗಾರಿ!" ಅತ್ತೆ ಒಳಗೆ ಬಂದು ಮೊಮ್ಮಗಳನ್ನು ಸೊಂಟಕ್ಕೆಳೆದುಕೊಂಡರು. ಆಮೇಲೆ ಕಣ್ಣೆತ್ತಿದರು. "ಓ, ನೀವು ಫೋಟೋ ತೆಗೆಯೋಕೆ ಬಂದವರಲ್ವಾ? ಕೆಲಸ ಮುಗೀತಾ? ಸಾಮಾನೆಲ್ಲ ನೋಡಿ ಜೋಡಿಸ್ಕೊಳ್ಳಿ."

"ಅತ್ತೆ..." ಎಂದಳು.

"ಮಗೂನ ಯಾಕಮ್ಮ ಹಾಗೆ ನೋಡ್ತೀರಿ? ತಾಯಿಯಿಲ್ಲದ ತಬ್ಬಲಿ ಅದು, ಹೆದರಿಕೊಳ್ಳುತ್ತೆ."

ಚುಕ್ಕಿ ಅಜ್ಜಿಯ ಸೆರಗಿನ ಮರೆಯಿಂದ ಇಣುಕಿದಳು. ಎದುರಿಗೆ ಸದ್ದಿಲ್ಲದೆ ಅಳುತ್ತಿದ್ದ ಆ ಹೆಂಗಸನ್ನು ಬಹಳ ಹೊತ್ತು ನೋಡಿದಳು. ಬಹಳ ದಿನದಿಂದ ಕೇಳಲು ಹೆದರಿ ನುಂಗಿಕೊಂಡಿದ್ದೇನೋ ಎಂಬಂತೆ ಅವಳ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಅಜ್ಜೀ, ಎಲ್ಲರಿಗೂ ಅಮ್ಮ ಇರ್ತಾರೆ. ನನಗೆ ಮಾತ್ರ ಯಾಕಿಲ್ಲ?"