ಬರ್ಫದ ಯಂಕೋಬನ ಸುಳ್ಳು

೧೯೮೫ರ ಬೇಸಿಗೆ. ರಾಯಚೂರಿನ ಕಾಗೆಗಳೂ ನೆರಳಿಗಾಗಿ ಜಗಳವಾಡುತ್ತಿದ್ದ ಆ ಬಿಸಿಲಲ್ಲಿ ಯಂಕೋಬ ಒಂದು ಬರ್ಫದ, ಅಂದರೆ ಐಸಿನ, ಗಡ್ಡೆಯನ್ನು ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ಮಾನ್ವಿಗೆ ಬಂದ. ಇಳಿಸಿ ನೋಡಿದರೆ ಗಡ್ಡೆ ಹೊರಟಾಗಿನದಕ್ಕಿಂತ ಒಂದು ಗೇಣು ದೊಡ್ಡದಾಗಿತ್ತು!

ತಾನು ಮದುವೆಯಾಗಬೇಕೆಂದಿದ್ದ ಯಮನಮ್ಮನ ಬಾಗಿಲಲ್ಲಿ ನಿಂತು ಹಾಗಂತಲೇ ಹೇಳಿದ.

"ದಾರ್ಯಾಗ ಹಾಲು ಕುಡಿಸಿದ್ದೇನು?" ಎಂದಳು ಅವಳು.

"ನಿನ್ನ ನೋಡೋ ಖುಷಿಗೆ ಉಬ್ಬೇದ ಬೇ!"

ಅವಳು ನಗಲಿಲ್ಲ. ನಗಲು ತ್ರಾಣವೆಲ್ಲಿತ್ತು? ಅಕ್ಕ ಗದ್ದೆಮ್ಮನ ಗಂಡುಕೂಸಿಗೆ ಹುಟ್ಟಿದಾಗಿನಿಂದ ನಿಲ್ಲದ ಭೇದಿ. ಅದರ ಅರಿವೆ ಒಗೆದು ಒಗೆದು ಯಮನಮ್ಮನ ಕೈಗಳು ಸುಕ್ಕುಗಟ್ಟಿದ್ದವು. ಅಕ್ಕನ ತವರಾದ ದೇವದುರ್ಗದಲ್ಲಿ ಇವರ ಇಬ್ಬರು ತಮ್ಮಂದಿರೂ ಕೂಸಾಗಿದ್ದಾಗಲೇ ಹೀಗೆಯೇ ತೀರಿಹೋಗಿದ್ದರು. ಆದರೂ ಓರೆಗಣ್ಣಿನಿಂದ ಒಮ್ಮೆ ಅವನನ್ನು ನೋಡಿದಳು. ಆ ನೋಟಕ್ಕೆ ಕಾಲುವೆಯ ನೀರು ಹಿಂದಕ್ಕೆ ಹರಿಯಿತು.

ಯಂಕೋಬ ಸತ್ತಾರ್ ಸಾಬರ ಬರ್ಫದ ಫ್ಯಾಕ್ಟರಿಯವ. ಗಡ್ಡೆಯನ್ನು ಭತ್ತದ ಹೊಟ್ಟಿನಲ್ಲಿ ಹೂತು, ಗೋಣಿ ಸುತ್ತಿ ಒಯ್ಯುವುದೇ ಅವನ ಕೆಲಸ. ಹೋದ ತಿಂಗಳು ರಾಯಚೂರಿನ ಡಾಕ್ಟರು ಕೂಸಿನ ರಕ್ತದ ಸೀಸೆಯನ್ನು ಅವನ ಬರ್ಫದೊಂದಿಗೆ ಮದ್ರಾಸಿನ ರೈಲು ಹತ್ತಿಸಿದ್ದರು. ಕೂಸಿನ ರಕ್ತವೇ ಅದರ ಕರುಳನ್ನು ವೈರಿಯೆಂದು ತಿಳಿದು ಕಚ್ಚುತ್ತಿದೆಯೇನೋ ಎಂಬ ಗುಮಾನಿ ಅವರಿಗೆ. ಅಲ್ಲಿಯ ಲ್ಯಾಬಿನಲ್ಲಿ ಆ ರಕ್ತದ ತಿಳಿಯನ್ನು ಕರುಳಿನ ತೆಳುವಾದ ಚೂರಿನ ಮೇಲೆ ಹಾಕಿ, ಬಣ್ಣ ಕೂಡಿಸಿ ನೋಡುತ್ತಾರೆ. ಹಸಿರಾಗಿ ಹೊಳೆದರೆ ಗುಮಾನಿ ನಿಜ. ತಾಯಿಯ ಕಡೆಯಿಂದ ಗಂಡುಕೂಸುಗಳಿಗೆ ಇಳಿದು ಬರುವ ರೋಗ ಅದು.

"ಹೊಳೆದ್ರ ನನ್ನ ಆಸಿ ಬಿಟ್ಟುಬಿಡು," ಎಂದು ಯಮನಮ್ಮ ಅಂದೇ ಹೇಳಿದ್ದಳು. "ನಾಳಿ ನನ್ನ ಕೂಸಿಗೂ ಹಿಂಗ ಆದ್ರ?"

ಈಗ ಯಂಕೋಬ ಎದೆಯುಬ್ಬಿಸಿದ. "ರಿಪೋರ್ಟ್ ಬಂತು! ಹೊಳೀಲಿಲ್ಲ! ಲ್ಯಾಬಿನ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರಂತ. ಇನ್ನ ಮದುವಿ ಮಾಡ್ಕೊಳ್ಳೋಣು, ಇಡೀ ಜಿಲ್ಲಾಕ್ಕ ಊಟ!"

ಯಮನಮ್ಮ ಗೋಣಿ ಬಿಚ್ಚಿದಳು. ಹೊಟ್ಟು ಸರಿಸಿದಳು. ಬರ್ಫದ ಪಕ್ಕದಲ್ಲಿ, ಹೋದ ತಿಂಗಳು ರಕ್ತ ತುಂಬಿದಂಥದೇ ಒಂದು ಖಾಲಿ ಸೀಸೆ.

"ಹೊಳೀಲಿಲ್ಲ ಅಂದ್ರ ಬರ್ಫ ಯಾಕ ತಂದಿ?"

"ಶರಬತ್ತಿಗೆ..."

"ಸೀಸಿ?"

ಇಡೀ ಜಿಲ್ಲೆಗೆ ಊಟ ಹಾಕಲು ಹೊರಟವನು ಹೊಸ್ತಿಲ ಮೇಲೆ ಕುಸಿದು ಕೂತ.

"ಹೊಳೀತು," ಎಂದ. "ಹಸಿರು. ಔಷಧಿ ಶುರು ಮಾಡೋಕಿಂತ ಮೊದಲು ಇನ್ನೊಮ್ಮೆ ರಕ್ತ ಬೇಕಂತ. ನೀ ನನ್ನ ಬಿಡ್ತಿ ಅಂತ ಹೆದರಿದ್ದೆ."

"ನನ್ನ ಮಕ್ಕಳಿಗೂ ಬರ್ತದೇನು?"

"ಕೇಳೀನಿ. ಹೇಳಾಕ ಆಗಲ್ಲ ಅಂದ್ರು ಡಾಕ್ಟರು."

ಅವಳು ಅವನ ಪಕ್ಕದಲ್ಲೇ ಕೂತಳು. ಸುಕ್ಕುಗಟ್ಟಿದ ಕೈಗಳನ್ನು ಬರ್ಫದ ಮೇಲಿಟ್ಟಳು.

"ಇದು ಗೊತ್ತಾದ ಮ್ಯಾಲೂ ನನ್ನ ಜೋಡಿ ನಿಲ್ತೀಯೇನು?"

"ತುಂಗಭದ್ರಾ ಬತ್ತೋ ತನಕ..." ಎಂದು ಶುರು ಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. "ನಿಲ್ತೀನಿ."

"ಮತ್ತ, ಬರ್ಫ ಬೆಳದದ್ದು?"

"ಅದೂ ಸುಳ್ಳು ಬೇ. ಮುಕ್ಕಾಲು ಕರಗ್ಯದ. ಉಳಿದದ್ದು ಕರಗೋದ್ರಾಗ ಕೂಸಿನ್ನ ಇಲ್ಲೇ ದವಾಖಾನಿಗೆ ಒಯ್ದು ರಕ್ತ ತೆಗಸೋಣು ನಡಿ."

ಎಷ್ಟೋ ದಿನಗಳ ಮೇಲೆ ಯಮನಮ್ಮ ನಕ್ಕಳು, ದಣಿದ ಸಣ್ಣ ನಗು. ತಣ್ಣಗಿನ ಕೈ ಚಾಚಿ ಅವನನ್ನು ಹಿಡಿದೆಬ್ಬಿಸಿದಳು.