ಒಂದೇ ಅಳತೆಯ ಮೂರು ಪಿಸ್ತೂಲು

"ನನ್ನ ಗಂಡ ತಾನಾಗಿ ಗುಂಡು ಹೊಡೆದುಕೊಂಡದ್ದಲ್ಲ ಅಕ್ಕ. ಊರಿನಲ್ಲಿ ಎಲ್ಲರೂ ಹಾಗೇ ಮಾತಾಡ್ತಿದ್ದಾರೆ. ನಾನು ಹೇಳಿದರೆ ಯಾರೂ ನಂಬುವುದಿಲ್ಲ."

2014ರ ಫೆಬ್ರವರಿಯ ಒಂದು ಶುಕ್ರವಾರ, ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಾನೇ ತೆರೆಸಾಳನ್ನು ದುಬೈನ ಕರಾಮದ ನಮ್ಮ ಫ್ಲ್ಯಾಟಿಗೆ, ಚಂದ್ರಮತಿಯಕ್ಕನ ಹತ್ತಿರ ಕರೆತಂದಿದ್ದೆ. ಅವಳ ಕೈಚೀಲ ಹಿಡಿದುಕೊಂಡು ಜೊತೆಗೆ ಬಂದಿದ್ದವನು ಅವಳ ತಮ್ಮ ಲಿಯೊನೆಲ್. ತೆರೆಸಾಳ ಗಂಡ ಕಜೆತಾನ್, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆಚೆ ಇರುವ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕು ರಿಪೇರಿಯವನು. ಮಂಗಳವಾರ ಮಧ್ಯಾಹ್ನ ಅಲ್ಲಿಯ ವರ್ಕ್‌ಶಾಪಿನಲ್ಲಿ ತಲೆಗೆ ಗುಂಡು ತಗುಲಿ ಸತ್ತುಬಿದ್ದಿದ್ದ. ಬಲಗೈಯಲ್ಲಿ ಪಿಸ್ತೂಲಿತ್ತು.

ಚಂದ್ರಮತಿಯಕ್ಕ ಕೇಳಿದ್ದು ಒಂದೇ ಪ್ರಶ್ನೆ. "ತೆರೆಸಾ ಬಾಯಮ್ಮ, ಅವರ ಬಲಗೈ ಸರಿ ಇತ್ತಾ?"

"ಎಲ್ಲಿ ಸರಿ? ಒಂದು ವರ್ಷದಿಂದ ಬೆರಳಿಗೆ ಬಲವೇ ಇರಲಿಲ್ಲ. ಅಂಗಿಯ ಗುಬ್ಬಿ ಕೂಡ ಕಾಜಕ್ಕೆ ನಾನೇ ಹಾಕಬೇಕಿತ್ತು."

ಅಕ್ಕ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಗುಂಡುಗಳನ್ನು ಪರೀಕ್ಷಿಸಿದವರು. ದುಬೈಗೆ ಬಂದ ಮೇಲೆ ಸೆಕ್ಯೂರಿಟಿ ಗಾರ್ಡ್‌ಗಳಿಗೆ ತರಬೇತಿ ಕೊಡುತ್ತಿದ್ದರು. ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ಕೆಲಸಕ್ಕಿದ್ದ ಸುಸನ್ ಎಂಬ ನಾನು ಅವರ ರೂಮ್‌ಮೇಟ್. ಹಿಂದೆ ಎರಡು ಪ್ರಕರಣಗಳಲ್ಲಿ ಅವರಿಂದ ನೆರವು ಪಡೆದಿದ್ದ ದುಬೈ ಪೊಲೀಸ್ ಲೆಫ್ಟಿನೆಂಟ್ ಸುಹೈಲ್, ಅಕ್ಕ ಫೋನ್ ಮಾಡಿದ್ದಕ್ಕೆ ಮರುದಿನವೇ ಕ್ಲಬ್ಬಿಗೆ ಬರಹೇಳಿದ.

ವರ್ಕ್‌ಶಾಪಿನ ಮೇಜಿನ ಮೇಲೆ ಮೂರು ಸಣ್ಣ ಪಿಸ್ತೂಲುಗಳನ್ನಿಟ್ಟಿದ್ದರು. ರಷ್ಯದ ಮಕರೋವ್, ಪೋಲೆಂಡಿನ ಪಿ-64, ಜೆಕ್ ದೇಶದ ಸಿಝಡ್-82. ಹಳೆಯ ಸೈನ್ಯಗಳು ಬೇಡವೆಂದು ಮಾರಿದ ಮಾಲು. ಮೂರಕ್ಕೂ ಒಂದೇ ಅಳತೆಯ ತೋಟಾ. ಹೊಸಬರಿಗೆ ಕಲಿಸಲು ಇವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಹೇಳುವುದು ಕಜೆತಾನನ ಕೆಲಸವಾಗಿತ್ತು. ಒಂದೊಂದರಿಂದ ಸಾವಿರ ಗುಂಡು ಹಾರಿಸಿ ನೋಡಬೇಕಿತ್ತು. ರಿಜಿಸ್ಟರಿನ ಪ್ರಕಾರ ಮಂಗಳವಾರ ಪೋಲಿಷ್ ಪಿಸ್ತೂಲು ಕಜೆತಾನನ ಹೆಸರಿನಲ್ಲಿ, ರಷ್ಯನ್ ಪಿಸ್ತೂಲು ಇವನ್ನೆಲ್ಲ ಮಾರಲು ತಂದಿದ್ದ ಏಜೆಂಟ್ ರಿತೇಶನ ಹೆಸರಿನಲ್ಲಿ, ಜೆಕ್ ಲಿಯೊನೆಲ್‌ನ ಹೆಸರಿನಲ್ಲಿತ್ತು. ಲಿಯೊನೆಲ್ ಕೂಡ ಅದೇ ಕ್ಲಬ್ಬಿನ ನೌಕರ. ಹೋಟೆಲಿನ ಸೆಕ್ಯೂರಿಟಿ ಕೆಲಸದಲ್ಲಿದ್ದವನನ್ನು ಭಾವನೇ ಇಲ್ಲಿಗೆ ಸೇರಿಸಿದ್ದ.

"ಶವದ ಕೈಯಲ್ಲಿದ್ದದ್ದು ಪೋಲಿಷ್," ಎಂದು ಸುಹೈಲ್ ಇಂಗ್ಲಿಷಿನಲ್ಲಿ ಹೇಳಿದ. "ಪಕ್ಕದಲ್ಲಿ ಬಿದ್ದಿದ್ದ ತೋಟಾದ ಖಾಲಿ ಕೋಶವೂ ಅದರದ್ದೇ. ತಲೆಯಿಂದ ತೆಗೆದ ಗುಂಡಿನ ಮೇಲೆ ಮಾತ್ರ ನಳಿಗೆಯಿಂದ ಬೀಳಬೇಕಾದ ಗೀರುಗಳು ಕಾಣುತ್ತಿಲ್ಲ. ನಳಿಗೆ ಸವೆದಿರಬಹುದು. ಲ್ಯಾಬಿನ ಕೊನೆಯ ವರದಿ ಇನ್ನೂ ಬಂದಿಲ್ಲ."

ಅಕ್ಕ ಟಾರ್ಚು ಹಿಡಿದು ಮೂರೂ ನಳಿಗೆಗಳ ಒಳಗೆ ನೋಡಿದರು. ನನಗೂ ತೋರಿಸಿದರು. ರಷ್ಯನ್ ಮತ್ತು ಪೋಲಿಷ್ ನಳಿಗೆಗಳಲ್ಲಿ ಸ್ಕ್ರೂವಿನಂತೆ ತಿರುಗುತ್ತ ಹೋಗುವ ಗೀರುಗಳು ಹೊಸದರಂತೆ ಸ್ಪಷ್ಟವಾಗಿದ್ದವು. ಜೆಕ್ ಪಿಸ್ತೂಲಿನ ಒಳಮೈ ಮಾತ್ರ ಕನ್ನಡಿಯ ಹಾಗೆ ನುಣುಪು.

ಆಮೇಲೆ ಅವರು ಪೋಲಿಷ್ ಪಿಸ್ತೂಲನ್ನು ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ನನ್ನ ಕೈಗೆ ಕೊಟ್ಟರು. "ಟ್ರಿಗರ್ ಒತ್ತು." ಎರಡು ಬೆರಳು ಸೇರಿಸಿ ಒತ್ತಿದರೂ ಅದು ಮಿಸುಕಲಿಲ್ಲ. ಉಳಿದೆರಡರ ಟ್ರಿಗರ್ ಒಂದೇ ಬೆರಳಿಗೆ ಬಂತು.

ಕಪಾಟಿನಲ್ಲಿ ಪರೀಕ್ಷೆಯ ಹಾಳೆಗಳಿದ್ದವು. ಜೆಕ್ ಪಿಸ್ತೂಲಿನ ಹಾಳೆ ಲಿಯೊನೆಲ್‌ನ ಕೈಬರಹದಲ್ಲಿತ್ತು: 'ಸಾವಿರ ಗುಂಡು ಪೂರ್ತಿ. ಪ್ರತಿ ಐವತ್ತಕ್ಕೊಮ್ಮೆ ನಳಿಗೆಯ ಗೀರುಗಳನ್ನು ಬ್ರಷ್ಷಿನಿಂದ ಉಜ್ಜಿದೆ.' ಯಾರೋ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಅಕ್ಕ ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ನಾಳೆ ಎಲ್ಲರನ್ನೂ ಇಲ್ಲಿಗೆ ಕರೆಸಿ," ಎಂದರು.

ಭಾನುವಾರ ಬೆಳಿಗ್ಗೆ ಅದೇ ವರ್ಕ್‌ಶಾಪಿನಲ್ಲಿ ಸೇರಿದೆವು. ರಿತೇಶ್ ಕುಳಿತಲ್ಲೇ ಕಾಲು ಅಲ್ಲಾಡಿಸುತ್ತಿದ್ದ. "ಮೇಡಂ, ಮಂಗಳವಾರ ಬೆಳಿಗ್ಗೆ ನಾನು ಅವರ ಹತ್ತಿರ ಜಗಳ ಮಾಡಿದ್ದು ನಿಜ. ಬೇಗ ಒಂದನ್ನು ಆರಿಸಿ ಅಂತ ಕೇಳಿದೆ, ಅಷ್ಟೆ. ಆಮೇಲೆ ರೇಂಜಿನಲ್ಲೇ ಇದ್ದೆ."

"ನೀವು ಹೊಡೆದದ್ದಲ್ಲ," ಎಂದರು ಅಕ್ಕ. "ಬೆರಳಿಗೆ ಬಲವಿಲ್ಲದವರು ಸಾಯಲು ಈ ಮೂರರಲ್ಲಿ ಯಾವುದನ್ನು ಬೇಕಾದರೂ ತೆಗೆದುಕೊಂಡಾರು, ಪೋಲಿಷ್ ಒಂದನ್ನು ಬಿಟ್ಟು. ನನಗೆ ಮೊದಲ ಅನುಮಾನ ಬಂದದ್ದು ಅಲ್ಲಿ. ಎಡಗೈಯಿಂದ ಪಿಸ್ತೂಲಿನ ಕುದುರೆಯನ್ನು ಮೊದಲೇ ಹಿಂದಕ್ಕೆಳೆದು, ಟ್ರಿಗರ್ ಹಗುರ ಮಾಡಿಕೊಂಡು ಹೇಗೋ ಹೊಡೆದುಕೊಂಡರು ಅಂತಲೇ ಇಟ್ಟುಕೊಳ್ಳಿ. ಆಗ ಗುಂಡಿನ ಮೇಲೆ ಗೀರು ಬೀಳಬೇಕಿತ್ತು. ಪೋಲಿಷ್ ನಳಿಗೆ ಸವೆದಿಲ್ಲ, ನೋಡಿದೆ. ರಷ್ಯನ್ ಆದರೂ ಗೀರು ಬೀಳ್ತದೆ. ಗೀರೇ ಇಲ್ಲದ ಗುಂಡು ಬರುವುದು ಜೆಕ್ ಪಿಸ್ತೂಲಿನಿಂದ ಮಾತ್ರ. ಅದರ ನಳಿಗೆಯಲ್ಲಿ ಗೀರು ಕೊರೆಯುವುದಿಲ್ಲ. ಅಂಚುಗಳನ್ನು ದುಂಡಗೆ ಮಾಡಿ ತಿರುಚಿರ್ತಾರೆ."

ತೆರೆಸಾ ತಮ್ಮನ ಕಡೆ ನೋಡಿದಳು. ಅವನು ಮೇಜನ್ನೇ ನೋಡುತ್ತಿದ್ದ.

"ಜೆಕ್ ನಿನ್ನ ಹೆಸರಿನಲ್ಲಿತ್ತು ಲಿಯೊನೆಲ್. ಅದನ್ನು ಭಾವನ ಕೈಯಲ್ಲಿ ಬಿಡುವ ಹಾಗಿರಲಿಲ್ಲ. ತೋಟಾ ಒಂದೇ, ಯಾರಿಗೆ ಗೊತ್ತಾಗ್ತದೆ ಅಂತ ಅವರ ಹೆಸರಿನಲ್ಲಿದ್ದ ಪೋಲಿಷ್ ತೆಗೆದುಕೊಂಡೆ. ರೇಂಜಿನ ಮರಳಿಗೆ ಒಂದು ಗುಂಡು ಹಾರಿಸಿ, ಆ ಕೋಶ ತಂದು ಇಲ್ಲಿ ಹಾಕಿದೆ. ದಿನವಿಡೀ ಗುಂಡಿನ ಸದ್ದು ಕೇಳುವ ಜಾಗ, ಯಾರೂ ತಲೆ ಎತ್ತಿ ನೋಡಲಿಲ್ಲ. ಆದರೆ ಆ ಜೆಕ್ ನಳಿಗೆಯಲ್ಲಿ ಇಲ್ಲವೇ ಇಲ್ಲದ ಗೀರುಗಳನ್ನು ಇಪ್ಪತ್ತು ಸಲ ಉಜ್ಜಿದೆ ಅಂತ ನಿನ್ನ ಹಾಳೆಯಲ್ಲಿ ಬರೆದಿದ್ದೀಯ. ನಿಜವಾಗಿ ಒಂದು ಸಲ ಉಜ್ಜಿದ್ದರೂ ಅದರಲ್ಲಿ ಗೀರಿಲ್ಲ ಅಂತ ನಿನಗೆ ಗೊತ್ತಿರ್ತಿತ್ತು. ಆ ಕೆಂಪು ಗೆರೆ ಎಳೆದದ್ದು ಕಜೆತಾನ್."

ಲಿಯೊನೆಲ್ ಮುಖ ಮುಚ್ಚಿಕೊಂಡ. "ಬರೇ ನೂರು ಹಾರಿಸಿದ್ದು, ಮತ್ತೆ ಬೇಸರ ಬಂತು ಮೇಡಂ. ಬಾಕಿ ತೋಟಾ ಕಪಾಟಿನ ಹಿಂದೆ ಇಟ್ಟಿದ್ದೆ. ಭಾವನಿಗೆ ಸಿಕ್ಕಿತು. ಹೊಸಬರ ಕೈಗೆ ಹೋಗುವ ಸಾಮಾನು, ಸುಳ್ಳು ಬರೆದವ ಇಲ್ಲಿ ಬೇಡ, ನಾಳೆ ಮ್ಯಾನೇಜರಿಗೆ ಹೇಳ್ತೇನೆ ಅಂದರು. ವೀಸಾ ಖಲಾಸ್ ಆಗ್ತಿತ್ತು. ಹೆಂಡತಿ ಪರ್ಲ್, ಇಬ್ಬರು ಹುಡುಗಿಯರು, ಅವರ ಶಾಲೆ... ಕಾಲು ಹಿಡಿದೆ. ಅವರು ಮುಖ ತಿರುಗಿಸಿದರು. ಪಿಸ್ತೂಲು ಕೈಯಲ್ಲೇ ಇತ್ತು."

"ಹತ್ತು ವರ್ಷ ನನ್ನ ಮನೆಯಲ್ಲಿ ಊಟ ಮಾಡಿದವ ನೀನು," ಎಂದಳು ತೆರೆಸಾ.

ಅವನನ್ನು ಕರೆದುಕೊಂಡು ಹೋದ ಮೇಲೆ ಸುಹೈಲ್ ಅವಳೆದುರು ಕುಳಿತು ನಿಧಾನವಾಗಿ ಮಾತಾಡಿದ. ನಾನು ಕನ್ನಡದಲ್ಲಿ ತಿಳಿಸುತ್ತ ಹೋದೆ. ಕೋರ್ಟಿನಲ್ಲಿ ಸತ್ತವನ ವಾರಸುದಾರರನ್ನು ಕೇಳುತ್ತಾರೆ. ಅವರೆಲ್ಲ ಕ್ಷಮಿಸಿದರೆ ಅವನ ಜೀವ ಉಳಿಯಬಹುದು. ಇಲ್ಲದಿದ್ದರೆ ಮರಣದಂಡನೆಯೂ ಆಗಬಹುದು.

"ವಾರಸುದಾರರು ಅಂದರೆ?"

"ನೀವು. ನಿಮ್ಮ ಮಗ."

ಅವಳು ಅಲ್ಲಿಂದಲೇ ಮಂಗಳೂರಿಗೆ ಫೋನ್ ಮಾಡಿದಳು. ಡಿಗ್ರಿ ಓದುತ್ತಿದ್ದ ಮಗ ಕ್ಲೈವ್ ಎಲ್ಲವನ್ನೂ ಕೇಳಿಸಿಕೊಂಡ. ಅವನ ದನಿ ನಮಗೂ ಕೇಳುತ್ತಿತ್ತು. "ಐ ವೋಂಟ್ ಸೈನ್, ಮಮ್ಮಿ. ಕ್ಷಮೆಯ ಕಾಗದಕ್ಕೆ ನೀನು ಬೇಕಾದರೆ ಸಹಿ ಹಾಕು. ಮತ್ತೆ ನನ್ನನ್ನು ಮಗ ಅನ್ನಬೇಡ."

ತೆರೆಸಾ ಚಂದ್ರಮತಿಯಕ್ಕನ ಕಡೆ ತಿರುಗಿದಳು. "ಹೊರಗಿನವ ಯಾರೋ ಅಂತ ತಿಳಿದಿದ್ದೆ ಅಕ್ಕ. ಊರಿನಲ್ಲಿ ನಮ್ಮಿಬ್ಬರ ಅಮ್ಮ ಇನ್ನೂ ಇದ್ದಾಳೆ." ಮರಳುವಾಗ ಅಕ್ಕ ದಾರಿಯುದ್ದಕ್ಕೂ ಟ್ಯಾಕ್ಸಿಯ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಮನೆಗೆ ಬಂದು ಚಹಾ ಕೂಡ ಬೇಡವೆಂದರು.

ಮುಂದಿನ ಶುಕ್ರವಾರ ಚರ್ಚಿನಲ್ಲಿ ಕಜೆತಾನನ ಆತ್ಮಕ್ಕಾಗಿ ಪೂಜೆ ಇತ್ತು. ಲಿಯೊನೆಲ್‌ನ ಹೆಂಡತಿ ಪರ್ಲ್ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದು ತೆರೆಸಾಳ ಹಿಂದಿನ ಬೆಂಚಿನಲ್ಲಿ ಕುಳಿತಳು. ಪೂಜೆ ಮುಗಿದು ಜನ ಏಳುವಾಗ ಅವಳು ಕೈ ಚಾಚಿ ನಾದಿನಿಯ ಹೆಗಲ ಮೇಲಿಟ್ಟಳು. ತೆರೆಸಾ ತಿರುಗಿ ನೋಡಲಿಲ್ಲ, ಆ ಕೈಯನ್ನು ಸರಿಸಲೂ ಇಲ್ಲ. ಚರ್ಚು ಖಾಲಿಯಾದರೂ ಇಬ್ಬರೂ ಹಾಗೆಯೇ ಇದ್ದರು.