ಬೇಡ ಅಂತೇನಿಲ್ಲ

ಲೆಯಾಂದ್ರೊ ಬೆಳಗಾಗುತ್ತಲೇ ತನ್ನ ಪೆಟ್ಟಿಗೆಯನ್ನು ಕಾರಿಗೆ ಹಾಕುತ್ತಿರುವುದು ಕಂಡಾಗಲೂ ಸಬೇಲಾಳಿಗೆ ಏನೂ ಅನ್ನಿಸಲಿಲ್ಲ. ಸಂತೋಷವಾದಾಗ ಕೆಲವು ಗಂಡಸರಿಗೆ ಸಾಮಾನು ಎತ್ತಿಡುವ ಚಟವಿರುತ್ತದೆ ಎಂದುಕೊಂಡು, ಚಪ್ಪರದ ಕೆಳಗೆ ಹಣ್ಣು ತುಂಬುವ ಮರದ ಡಬ್ಬದ ಮೇಲೆ ನಿಂತು ದ್ರಾಕ್ಷಿಬಳ್ಳಿಯ ಒಣಕಡ್ಡಿಗಳನ್ನು ಕತ್ತರಿಸುತ್ತಲೇ ಇದ್ದಳು. ಹಾಡೊಂದು ಬಾಯಿಗೆ ಬರುತ್ತಿತ್ತು. ಚಿಕ್ಕಮ್ಮ ಬಾಲ್ಬೀನಾ ಕೇಳಿಸಿಕೊಂಡಾಳೆಂದು ಅದನ್ನು ಹಲ್ಲಿನ ಹಿಂದೆಯೇ ಹಿಡಿದಿಟ್ಟಳು.

ಸ್ಪೇನಿನ ಒಳನಾಡಿನ ವಯಾದೊಲಿದ್‌ನಲ್ಲಿ ಜನರಿಗೆ ಕಾರು ಓಡಿಸಲು ಕಲಿಸುವ ಲೆಯಾಂದ್ರೊ, ಪ್ರತಿ ಉದ್ದ ರಜೆಗೂ ಕಡಲತಡಿಯ ಕಂಬಾದೋಸ್‌ಗೆ ಬಂದು ಇವರ ವೈನ್ ಕೋಠಿಯ ಮೇಲಿನ ಕೋಣೆಯಲ್ಲಿ ಇಳಿದುಕೊಳ್ಳುತ್ತಿದ್ದ. ಬರುವುದು ವಿಶ್ರಾಂತಿಗೆ. ಆದರೆ ಬಾಲ್ಬೀನಾ ಇರುವ ಮನೆಯಲ್ಲಿ ವಿಶ್ರಾಂತಿ ಎಂಬುದು ಯಾರಿಗೂ ಸಿಕ್ಕಿದ್ದಿಲ್ಲ. ಡಿಸೆಂಬರಿನ ಈ ರಜೆಯಲ್ಲೂ ಬಂದ ಮರುದಿನವೇ ಅವನ ಕೈಗೆ ಒಂದು ಕಟ್ಟು ನೆನೆಸಿದ ಬೆತ್ತದ ಕಡ್ಡಿ ಕೊಟ್ಟು ಬಳ್ಳಿ ಕಟ್ಟಲು ಹಚ್ಚಿದ್ದಳು. ಅವನು ಕಟ್ಟಿದ್ದನ್ನೆಲ್ಲ ಸಬೇಲಾ ಅವನಿಗೆ ಕಾಣದಂತೆ ಬಿಚ್ಚಿ ಮತ್ತೆ ಕಟ್ಟಿದಳು. ಪ್ರೀತಿ ಅಲ್ಲದೆ ಇನ್ನೇನು.

ನಿನ್ನೆ ಸಂಜೆ ಕಡಲ ಗೋಡೆಯ ಮೇಲೆ ಕೂತಿದ್ದಾಗ ಅವನು ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡಿದ್ದ.

"ಇಲ್ಲಿನ ಡ್ರೈವಿಂಗ್ ಸ್ಕೂಲಿನಲ್ಲಿ ಒಂದು ಕೆಲಸ ಖಾಲಿ ಇದೆ. ನಾಳೆ ಮಧ್ಯಾಹ್ನದೊಳಗೆ ಹೇಳ್ಬೇಕಂತೆ. ನಾನು ಇಲ್ಲೇ ಬಂದು ನಿನ್ನ ಜೊತೆ ಇದ್ದುಬಿಟ್ರೆ, ಸಬೇಲಾ?"

ಅವಳು ಎಲ್ಲ ಧೈರ್ಯ ಒಟ್ಟುಮಾಡಿ ಹೇಳಿದ್ದಳು: "ಬೇಡ ಅಂತೇನಿಲ್ಲ."

ಆ ಕರಾವಳಿಯಲ್ಲಿ ಹೆಂಗಸಾಗಲಿ ಗಂಡಸಾಗಲಿ ಇದಕ್ಕಿಂತ ಹೆಚ್ಚು ಹೇಳಿದ್ದಿಲ್ಲ. ಡಾಕ್ಟರು ನೋಯುತ್ತಾ ಎಂದು ಕೇಳಿದರೆ, ನೋಯದೆ ಇರುತ್ತಾ ಎಂದು ತಿರುಗಿ ಕೇಳುವ ಜನ. ಲೆಯಾಂದ್ರೊ "ಸರಿ, ಅರ್ಥ ಆಯ್ತು" ಎಂದು ಸುಮ್ಮನಾದ. ಆ ಮೌನ ಸುಖದ್ದೆಂದು ಸಬೇಲಾ ನಂಬಿದಳು. ಮನೆಗೆ ಬಂದವಳೇ ಚಿಕ್ಕಮ್ಮನಿಗೆ ಹೇಳಿದ್ದೂ ಆಯಿತು.

"ಅಷ್ಟು ಬಾಯಿಬಿಟ್ಟು ಹೇಳಿಬಿಟ್ಯೇನೇ?" ಎಂದು ಬಾಲ್ಬೀನಾ ಕೆನ್ನೆಗೆ ಕೈಯಿಟ್ಟಿದ್ದಳು. "ಸ್ವಲ್ಪನಾದ್ರೂ ನಾಚಿಕೆ ಇಟ್ಕೋಬಾರ್ದಿತ್ತಾ?"

ಈಗ ಲೆಯಾಂದ್ರೊ ಚಪ್ಪರದ ಕಲ್ಲುಕಂಬದ ಬಳಿ ಬಂದು ನಿಂತ. ಮುಖ ಬಿಳಿಚಿತ್ತು, ಕೂದಲು ಮಾತ್ರ ಅಚ್ಚುಕಟ್ಟಾಗಿ ಬಾಚಿಕೊಂಡಿದ್ದ.

"ಬೀಗದ ಕೈ ಬಾಗಿಲಲ್ಲೇ ಇದೆ. ಬರ್ತೀನಿ."

"ಸಾಮಾನು ತರೋಕೆ ಹೊರಟ್ಯಾ?"

"ಯಾವ ಸಾಮಾನು? ಊರಿಗೆ ಹೊರಟೆ. ದಾರೀಲಿ ಸ್ಕೂಲಿನವರಿಗೆ ಬರಲ್ಲ ಅಂತ ಹೇಳಿ ಹೋಗ್ತೀನಿ."

ಕತ್ತರಿ ಅವಳ ಕೈಯಲ್ಲೇ ಬಾಯಿ ತೆರೆದುಕೊಂಡು ನಿಂತಿತು. "ಬರಲ್ವಾ? ನಾನು ನಿನ್ನೆ ಹೇಳಿದ್ದು ಏನು ಹಾಗಾದ್ರೆ?"

"ಬೇಡ ಅಂತೇನಿಲ್ಲ ಅಂದೆ. ನಮ್ಮೂರಲ್ಲಿ ಊಟ ಆದ ಮೇಲೆ ಯಾರಾದ್ರೂ ಇನ್ನೊಂದು ತುಂಡು ಕೇಕ್ ತಂದ್ರೆ ಹಾಗಂತೀವಿ. ಬಲವಂತಕ್ಕೆ."

ಅಡುಗೆಮನೆ ಕಿಟಕಿಯಿಂದ ಬಾಲ್ಬೀನಾಳ ತಲೆ ಹೊರಬಂತು. "ಎಷ್ಟು ಸಲ ಕೇಳ್ದೆ ಮಗಾ ನೀನು?"

"ಒಂದೇ ಸಲ ಚಿಕ್ಕಮ್ಮ."

"ಒಂದು ಸಲ ಕೇಳಿದವನಿಗೆ ಅಷ್ಟು ಸಿಕ್ಕಿದ್ದೇ ಹೆಚ್ಚು. ನಮ್ಮನೆಯವರು ನನ್ನನ್ನ ಮೂರು ಸುಗ್ಗಿ ಕೇಳಿದ್ರು." ತಲೆ ಒಳಹೋಯಿತು.

ಲೆಯಾಂದ್ರೊ ಸಬೇಲಾಳ ಕಣ್ಣನ್ನೇ ನೋಡಿದ. "ಹೌದಾದ್ರೆ ಹೌದು ಅನ್ನು. ಅಲ್ಲದಿದ್ರೆ ಅಲ್ಲ ಅನ್ನು. ನನಗೆ ನಡುವಿನದು ತಿಳಿಯಲ್ಲ ಕಣೆ."

ಹೌದು ಎನ್ನಬೇಕೆಂದೇ ಅವಳು ಬಾಯಿ ತೆರೆದಳು. ಹೊರಬಂದದ್ದು ಮಾತ್ರ ಬೇರೆ. "ಹೌದು ಅಂದ್ರೆ ಏನ್ಮಾಡ್ತೀಯ?"

ಅವನು ನಿಟ್ಟುಸಿರಿಟ್ಟು ಹೋಗಿ ಕಾರಿನಲ್ಲಿ ಕೂತ.

ಕಾರು ಅಂಗಳ ದಾಟುವವರೆಗೂ ಸಬೇಲಾ ಡಬ್ಬದ ಮೇಲೆ ನಿಂತೇ ಇದ್ದಳು, ತನ್ನ ನಾಲಿಗೆಯನ್ನೂ ಹಿಂದಿನ ಏಳು ತಲೆಮಾರನ್ನೂ ಮನಸಾರೆ ಬೈಯುತ್ತ. ಆಮೇಲೆ ಧುಮುಕಿ ಓಡಿದಳು. ರಬ್ಬರ್ ಬೂಟಿನಲ್ಲಿ ಓಡುವ ಹೆಂಗಸು ಚೆಂದ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಓಣಿಯ ತಿರುವಿನಲ್ಲಿ ಕಾರು ನಿಂತಿತ್ತು. ಎದುರಿಗೆ ಪಕ್ಕದ ತೋಟದ ಎಲಾದಿಯೊನ ಟ್ರ್ಯಾಕ್ಟರು, ಅದರ ಹಿಂದೆ ಒಂದು ಗಾಡಿ ಕಡಲಪಾಚಿ ಗೊಬ್ಬರ. ಎರಡೂ ಕಡೆ ಕಲ್ಲುಗೋಡೆ. ಒಬ್ಬರು ಹಿಂದೆ ಸರಿಯಲೇಬೇಕು.

"ಇವ್ರು ಹೋಗೋರೋ ಇರೋರೋ?" ಎಂದು ಎಲಾದಿಯೊ ಅವಳನ್ನು ಕೇಳಿದ. "ಹೋಗೋರಾದ್ರೆ ನಾನು ಹಿಂದಕ್ಕೆ ತಗೋತೀನಿ. ಇರೋರಾದ್ರೆ ಅವ್ರು ತಗೊಳ್ಲಿ."

ಲೆಯಾಂದ್ರೊ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು, ತಾನೂ ಅದನ್ನೇ ಕೇಳುತ್ತಿರುವವನಂತೆ ಅವಳತ್ತ ತಿರುಗಿದ.

"ಇರೋರು," ಎಂದಳು ಸಬೇಲಾ ಮೆಲ್ಲಗೆ.

"ಏನಂದೆ? ಇಂಜಿನ್ ಸದ್ದು, ಕೇಳಿಸ್ಲಿಲ್ಲ," ಎಂದ ಎಲಾದಿಯೊ.

"ಇರ್ತಾನೆ ಅಂದೆ." ಅವಳ ದನಿ ತಾನಾಗಿ ಏರಿತು. ಅದೇ ಹೊತ್ತಿಗೆ ಎಲಾದಿಯೊ ಇಂಜಿನ್ ಆರಿಸಿದ್ದರಿಂದ ಉಳಿದದ್ದು ಅಕ್ಕಪಕ್ಕದ ತೋಟಗಳಿಗೂ ಕೇಳಿಸಿತು. "ಹೌದು, ಇರ್ತಾನೆ. ನನಗೆ ಬೇಕು ಇವನು."

ಕತ್ತರಿಗಳ ಸದ್ದು ನಿಂತಿತು. ಚಪ್ಪರಗಳ ಮೇಲೆ ಅಲ್ಲೊಂದು ಇಲ್ಲೊಂದು ತಲೆ ಎದ್ದಿತು. ಎಲಾದಿಯೊ ಸಾವಿನ ಸುದ್ದಿ ಕೇಳಿದವನಂತೆ ನಿಧಾನವಾಗಿ ಟೋಪಿ ತೆಗೆದ.

"ಸಬೇಲಾ," ಎಂದ ತಗ್ಗಿದ ದನಿಯಲ್ಲಿ, "ಮನೇಲಿ ಯಾರಿಗೂ ಏನೂ ಆಗಿಲ್ಲ ತಾನೆ?"

ಲೆಯಾಂದ್ರೊ ಕಾರನ್ನು ದಾರಿಯ ನಡುವೆಯೇ ಬಿಟ್ಟು ಇಳಿದುಬಂದ. ಅವಳು ಕಿವಿಯವರೆಗೂ ಕೆಂಪಾಗಿ, ಕತ್ತರಿಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು. ಅವನು ಅದನ್ನು ತೆಗೆದು ಕಾರಿನ ನೆತ್ತಿಯ ಮೇಲಿಟ್ಟ. ಆಮೇಲೆ ಅವಳ ಮಣ್ಣುಹತ್ತಿದ ಕೈಗಳನ್ನು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಅವನ ಕೊರಳಿಗೆ ಮುಖ ಒತ್ತಿದಳು.

ಎಲಾದಿಯೊ ಗೋಡೆಯ ಕಡೆ ತಿರುಗಿ, ಅರವತ್ತು ವರ್ಷದಿಂದ ನೋಡುತ್ತಿದ್ದ ಬೋಳು ಬಳ್ಳಿಗಳನ್ನು ಇವತ್ತೇ ಮೊದಲು ಕಂಡವನಂತೆ ನೋಡುತ್ತ ಕೂತ.